ಮನೆ ನಮ್ಮದು, ನಿಯಮ ಯಾರದು?

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬುದು ನಮ್ಮ ಹಿರಿಯರ ಗಾದೆ. ಈ ಎರಡು ಕಾರ್ಯಗಳ ಕಷ್ಟವನ್ನು ಅನುಭವಿಸಿದವನೇ ಬಲ್ಲನೆಂಬುದು ಅದರ ತಾತ್ಪರ್ಯ. ಆದರೆ ಮನೆಯನ್ನು ಕೊಂಡು, ಸಾಲದ ಹೊರೆಯನ್ನು ತಲೆಯ ಮೇಲೆ ಹೊತ್ತು, ಗೃಹಪ್ರವೇಶವನ್ನೂ ಮುಗಿಸಿಕೊಂಡ ಮೇಲೆ, ಆ ಮನೆಯಲ್ಲಿ ಒಂದು ಒದ್ದೆಬಟ್ಟೆಯನ್ನು ಒಣಹಾಕುವುದಕ್ಕೂ ಪರರ ಅಪ್ಪಣೆ ಬೇಕೆಂದರೆ ಏನೆನ್ನಬೇಕು? ಇಂತಹ ಪ್ರಶ್ನೆಯೊಂದು ನಮ್ಮ ಮನೆಯವರಿಗೇ ಎದುರಾಯಿತು. ರಾಜ್ಯಶಾಸ್ತ್ರವನ್ನು ಬೋಧಿಸುವ ನನಗೆ ಅದರ ಉತ್ತರ ತಿಳಿದಿರಲಿಲ್ಲ. ಉತ್ತರವನ್ನು ಹುಡುಕುತ್ತ ನಾನು ಕಲಿತದ್ದನ್ನು ನಮ್ಮ ಕಾಲೇಜಿನ ವಿದ್ಯಾರ್ಥಿಗಳೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ನನ್ನ ತಂಗಿ ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಗಂಡನೊಡನೆ ನೆಲಸಿದ್ದಾಳೆ. ಅವಳ ಬಾಣಂತನಕ್ಕೆಂದು ನಮ್ಮ ತಾಯಿ ಅಲ್ಲಿಗೆ ಹೋಗಿದ್ದರು. ಮಗುವಿನ ಬಟ್ಟೆಗೆ ಬಿಸಿಲು ತಾಗಲೇಬೇಕೆಂಬುದು ಅಮ್ಮನ ನಂಬಿಕೆ. ಮನೆಯಲ್ಲಿ ಬಟ್ಟೆ ಒಣಗಿಸುವ ಯಂತ್ರವಿದ್ದರೂ ಅದರ ಕಡೆಗೆ ತಿರುಗಿ ನೋಡದೆ, ಮಹಡಿಯ ಮುಂದಿನ ಬಾಲ್ಕನಿಯ ಕಂಬಿಗಳ ಮೇಲೆ ಲಂಗೋಟಿಗಳನ್ನೂ ತಮ್ಮ ಎರಡು ಸೀರೆಗಳನ್ನೂ ಹರವಿದರು. ನಾಲ್ಕು ದಿನಗಳ ಮೇಲೆ ಆ ಬಡಾವಣೆಯ ಮನೆಮಾಲಿಕರ ಸಂಘದಿಂದ ಒಂದು ಕಾಗದ ಬಂದಿತು. ಬೀದಿಗೆ ಕಾಣುವಂತೆ ಬಟ್ಟೆ ಒಣಹಾಕಿರುವುದು ಸಂಘದ ನಿಯಮಕ್ಕೆ ವಿರುದ್ಧವೆಂದೂ, ಬಡಾವಣೆಯೊಳಗೆ ಹೊರಗಡೆ ಎಲ್ಲಿಯೂ ಬಟ್ಟೆಯನ್ನು ಒಣಹಾಕಕೂಡದೆಂದೂ, ಮುಂದುವರಿಸಿದಲ್ಲಿ ವಿಚಾರಣೆ ನಡೆದು ದಂಡ ಬೀಳುವುದೆಂದೂ ಅದರಲ್ಲಿ ಬರೆದಿದ್ದಿತು.

ಅಮ್ಮ ಬಹಳ ನೊಂದುಕೊಂಡರು. “ನಾನೇನು ಯಾರ ಮನೆಯದನ್ನಾದರೂ ಕದ್ದೆನೇನಪ್ಪ? ಮಗುವಿನ ಬಟ್ಟೆ ಒಣಗಿಸಿದ್ದೂ ತಪ್ಪೇ?” ಎಂದು ದೂರವಾಣಿಯಲ್ಲಿ ಕೇಳಿದಾಗ ಅವರ ಧ್ವನಿ ನಡುಗುತ್ತಿತ್ತು. ಅಂದಿನಿಂದ ಬಟ್ಟೆಗಳು ಸ್ನಾನದ ಮನೆಯಲ್ಲಿ ಒಣಗತೊಡಗಿದವು. ತನ್ನಿಂದ ಮಗಳಿಗೆ ಅಪವಾದ ಬಂದಿತೆಂದು ಅಮ್ಮ ಬೇಗ ಊರಿಗೆ ಹಿಂದಿರುಗುವ ಮಾತನ್ನೂ ಆಡಿದರು. ತಂಗಿ ನನ್ನನ್ನು, “ಅಣ್ಣಾ, ನೀನು ದಿನಾ ಹುಡುಗರಿಗೆ ಸಂವಿಧಾನ ಪಾಠ ಹೇಳ್ತೀಯಲ್ಲ, ಇದು ಯಾವ ನ್ಯಾಯ ಹೇಳು. ಮನೆ ನಮ್ಮದು ತಾನೆ?” ಎಂದು ಕೇಳಿದಳು. ನಾನು ಎರಡು ದಿನಗಳ ಅವಕಾಶ ಬೇಡಿದೆ. ಆ ಎರಡು ದಿನ ಎರಡು ವಾರವಾಯಿತು.

ಸಂಘದ ಸ್ವರೂಪ

ಮೊದಲು ಈ ಸಂಘವೆಂದರೇನೆಂಬುದನ್ನು ತಿಳಿಯೋಣ. ಅಮೆರಿಕದಲ್ಲಿ ಭೂಮಿಯನ್ನು ಕೊಂಡು ಬಡಾವಣೆ ಮಾಡುವ ಕಂಪನಿಯು, ಮನೆಗಳನ್ನು ಮಾರುವುದಕ್ಕೆ ಮುಂಚೆಯೇ ಒಂದು ಘೋಷಣಾಪತ್ರವನ್ನು ಬರೆದು ಕೌಂಟಿಯ ದಾಖಲೆ ಕಚೇರಿಯಲ್ಲಿ ನೋಂದಾಯಿಸುತ್ತದೆ. ಮನೆಗೆ ಯಾವ ಬಣ್ಣ ಬಳಿಯಬೇಕು, ಬೇಲಿ ಎಷ್ಟೆತ್ತರವಿರಬೇಕು, ಅಂಗಳದಲ್ಲಿ ಏನು ಬೆಳೆಯಬೇಕು, ವಾಹನವನ್ನು ಎಲ್ಲಿ ನಿಲ್ಲಿಸಬೇಕು ಎಂಬುದೆಲ್ಲ ಆ ಪತ್ರದಲ್ಲಿರುತ್ತದೆ. ಅಲ್ಲಿ ಮನೆ ಕೊಂಡವನು ಇಚ್ಛೆಯಿರಲಿ ಇಲ್ಲದಿರಲಿ, ಕೊಂಡ ಕ್ಷಣದಿಂದಲೇ ಸಂಘದ ಸದಸ್ಯನಾಗುತ್ತಾನೆ. ಕ್ಲಬ್ಬಿಗೆ ರಾಜೀನಾಮೆ ಕೊಡುವಂತೆ ಇದಕ್ಕೆ ಕೊಡುವಂತಿಲ್ಲ. ಮನೆಯನ್ನು ಮಾರಿದರೆ ಮಾತ್ರ ಬಿಡುಗಡೆ. ಸದಸ್ಯರು ಆರಿಸಿದ ಮಂಡಲಿಯೊಂದು ವಂತಿಗೆಯನ್ನು ಎತ್ತಿ ಬೀದಿ, ಉದ್ಯಾನ, ಈಜುಕೊಳ ಮುಂತಾದುವನ್ನು ನೋಡಿಕೊಳ್ಳುತ್ತದೆ. ನಿಯಮ ಮೀರಿದವರಿಗೆ ದಂಡ ಹಾಕುತ್ತದೆ. ಇಂದು ಅಮೆರಿಕದಲ್ಲಿ ಸುಮಾರು ಏಳೂವರೆ ಕೋಟಿ ಜನರು ಇಂತಹ ಸಂಘಗಳ ಆಡಳಿತದಲ್ಲಿ ವಾಸಿಸುತ್ತಿದ್ದಾರೆಂದು ಅಂದಾಜು. ಆದುದರಿಂದ ಇದನ್ನು ಸಣ್ಣ ವಿಷಯವೆಂದು ತಳ್ಳಿಹಾಕುವಂತಿಲ್ಲ. ತೆರಿಗೆ, ಶಾಸನ, ದಂಡ ಈ ಮೂರೂ ಇರುವಲ್ಲಿ ಒಂದು ಪುಟ್ಟ ಸರಕಾರವೇ ಇದೆಯೆಂದು ರಾಜ್ಯಶಾಸ್ತ್ರದ ವಿದ್ಯಾರ್ಥಿ ತಿಳಿಯಬೇಕು.

ಒಬ್ಬನು ಮಾಡಿಕೊಂಡ ಕರಾರು ಆಮೇಲೆ ಬಂದ ಮತ್ತೊಬ್ಬನನ್ನು ಹೇಗೆ ಬಂಧಿಸೀತೆಂದು ನೀವು ಕೇಳಬಹುದು. ಇದರ ಮೂಲ ಇಂಗ್ಲೆಂಡಿನಲ್ಲಿದೆ. ಲಂಡನ್ನಿನ ಲೀಸೆಸ್ಟರ್ ಚೌಕದ ತೋಟವನ್ನು ಟಲ್ಕ್ ಎಂಬಾತನು ೧೮೦೮ರಲ್ಲಿ ಮಾರುವಾಗ, ಅದನ್ನು ಎಂದೆಂದಿಗೂ ತೋಟವಾಗಿಯೇ ಉಳಿಸಬೇಕೆಂದು ಕರಾರು ಮಾಡಿಸಿಕೊಂಡನು. ಕೈಯಿಂದ ಕೈಗೆ ದಾಟಿ ಅದು ಮಾಕ್ಸ್‌ಹೇ ಎಂಬವನಿಗೆ ಬಂದಿತು. ಕರಾರನ್ನು ತಾನು ಬರೆದುಕೊಟ್ಟಿಲ್ಲವೆಂಬ ವಾದದ ಮೇಲೆ ಆತನು ಅಲ್ಲಿ ಕಟ್ಟಡ ಕಟ್ಟಲು ಹೊರಟನು. ಕರಾರಿನ ವಿಷಯ ತಿಳಿದೂ ಕೊಂಡವನು ಅದಕ್ಕೆ ಬದ್ಧನೆಂದು ೧೮೪೮ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. ಅಂದು ಒಂದು ತೋಟವನ್ನು ಉಳಿಸಿದ ಆ ತತ್ತ್ವವೇ ಕಡಲು ದಾಟಿ, ಇಂದು ನನ್ನ ತಂಗಿಯ ಮನೆಯ ಬಾಲ್ಕನಿಯವರೆಗೆ ಬಂದಿದೆ.

ಕರಾರಿನ ಕರಾಳ ಮುಖ

ಕರಾರೆಂದ ಮಾತ್ರಕ್ಕೆ ಅದು ನ್ಯಾಯವಾಗಿಯೇ ಇರುತ್ತದೆಂದಲ್ಲ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅಮೆರಿಕದ ಅನೇಕ ನಗರಗಳಲ್ಲಿ, ಮನೆಯನ್ನು ಬಿಳಿಯರಲ್ಲದವರಿಗೆ ಮಾರಕೂಡದೆಂಬ ಕರಾರುಗಳು ಬಳಕೆಯಲ್ಲಿದ್ದವು. ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರದ ಒಂದು ಬೀದಿಯಲ್ಲಿ ೧೯೧೧ರಲ್ಲಿ ಮೂವತ್ತೊಂಬತ್ತು ಮಾಲಿಕರ ಪೈಕಿ ಮೂವತ್ತು ಮಂದಿ ಇಂತಹ ಕರಾರಿಗೆ ಸಹಿ ಹಾಕಿದ್ದರು. ೧೯೪೫ರಲ್ಲಿ ಷೆಲಿ ಎಂಬ ನೀಗ್ರೋ ಸಂಸಾರ, ಕರಾರಿನ ಸುದ್ದಿಯೇ ತಿಳಿಯದೆ ಆ ಬೀದಿಯಲ್ಲಿ ಮನೆ ಕೊಂಡಿತು. ನೆರೆಯವರು ಮೊಕದ್ದಮೆ ಹೂಡಿದರು. ರಾಜ್ಯದ ಉಚ್ಚ ನ್ಯಾಯಾಲಯವು ನೆರೆಯವರ ಪರವಾಗಿ ತೀರ್ಮಾನಿಸಿತು.

೧೯೪೮ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಈ ತೀರ್ಮಾನವನ್ನು ತಳ್ಳಿಹಾಕಿತು. ಅದರ ತರ್ಕವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಖಾಸಗಿ ಜನರು ತಮ್ಮತಮ್ಮಲ್ಲಿ ಕರಾರು ಮಾಡಿಕೊಂಡು ತಾವಾಗಿಯೇ ಪಾಲಿಸಿದರೆ ಸಂವಿಧಾನ ಅದನ್ನು ತಡೆಯುವುದಿಲ್ಲ. ಆದರೆ ಅದನ್ನು ಜಾರಿಮಾಡಿಕೊಡಿರೆಂದು ನ್ಯಾಯಾಲಯದ ಬಾಗಿಲಿಗೆ ಬಂದರೆ, ನ್ಯಾಯಾಲಯದ ಆಜ್ಞೆಯು ರಾಜ್ಯದ ಆಜ್ಞೆಯೇ ಆಗುತ್ತದೆ. ಪ್ರಜೆಗಳಲ್ಲಿ ವರ್ಣಭೇದ ಮಾಡಲು ಹದಿನಾಲ್ಕನೆಯ ತಿದ್ದುಪಡಿಯು ರಾಜ್ಯಕ್ಕೆ ಅವಕಾಶ ಕೊಡುವುದಿಲ್ಲ. ಹೀಗೆ ಕರಾರು ಕಾಗದದ ಮೇಲೆ ಉಳಿಯಿತು, ಅದರ ಹಲ್ಲು ಉದುರಿತು. ಮುಂದೆ ೧೯೬೮ರ ವಸತಿ ಕಾಯಿದೆಯು ಇಂತಹ ಭೇದಭಾವವನ್ನೇ ನಿಷೇಧಿಸಿತು. ಖಾಸಗಿ ನಿಯಮಕ್ಕೂ ಸಾರ್ವಜನಿಕ ನ್ಯಾಯದ ಎಲ್ಲೆಯುಂಟೆಂಬುದಕ್ಕೆ ಇದು ದೊಡ್ಡ ನಿದರ್ಶನ.

ಮೂರು ಬೆಕ್ಕುಗಳ ಮೊಕದ್ದಮೆ

ವರ್ಣಭೇದದಂತಹ ಘೋರ ಅನ್ಯಾಯವಲ್ಲದ ದಿನನಿತ್ಯದ ಸಣ್ಣ ಕಟ್ಟಳೆಗಳ ಗತಿಯೇನು? ಇದಕ್ಕೆ ಕ್ಯಾಲಿಫೋರ್ನಿಯದ ಒಂದು ಪ್ರಸಿದ್ಧ ಮೊಕದ್ದಮೆ ಉತ್ತರ ಕೊಡುತ್ತದೆ. ೫೩೦ ಮನೆಗಳಿದ್ದ ಒಂದು ವಸತಿ ಸಮುಚ್ಚಯದಲ್ಲಿ ನಾರ್‌ಸ್ಟೆಡ್ ಎಂಬ ಮಹಿಳೆ ಮೂರು ಬೆಕ್ಕುಗಳನ್ನು ಸಾಕಿಕೊಂಡಿದ್ದರು. ಬೆಕ್ಕು ನಾಯಿಗಳನ್ನು ಸಾಕಕೂಡದೆಂದು ಘೋಷಣಾಪತ್ರದಲ್ಲಿದ್ದಿತು. ಸಂಘವು ದಂಡ ಹಾಕಿತು. ತಮ್ಮ ಬೆಕ್ಕುಗಳು ಮನೆಯ ಹೊರಗೇ ಬರುವುದಿಲ್ಲ, ಯಾರಿಗೂ ತೊಂದರೆಯಿಲ್ಲ ಎಂದು ಆಕೆ ವಾದಿಸಿದರು. ೧೯೯೪ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಸಂಘದ ಪರವಾಗಿ ಹೇಳಿತು. ನೋಂದಾಯಿತ ಘೋಷಣಾಪತ್ರದಲ್ಲಿರುವ ನಿಯಮವು ಸಮಂಜಸವೆಂದೇ ನ್ಯಾಯಾಲಯ ಭಾವಿಸುತ್ತದೆ. ಅದು ಮನಸ್ವಿಯಾಗಿದ್ದರೆ, ಸಾರ್ವಜನಿಕ ನೀತಿಗೆ ವಿರುದ್ಧವಾಗಿದ್ದರೆ, ಅಥವಾ ಅದರಿಂದಾಗುವ ಲಾಭಕ್ಕಿಂತ ಹೊರೆಯೇ ಬಹಳ ಹೆಚ್ಚಾಗಿದ್ದರೆ ಮಾತ್ರ ಬಿದ್ದುಹೋಗುತ್ತದೆ. ಈ ಒಬ್ಬ ಮಹಿಳೆಯ ಬೆಕ್ಕುಗಳು ತೊಂದರೆ ಕೊಡುತ್ತವೆಯೇ ಎಂಬುದು ಪ್ರಶ್ನೆಯಲ್ಲ. ಸಮುಚ್ಚಯಕ್ಕೆಲ್ಲ ಆ ನಿಯಮ ಹೊಂದುತ್ತದೆಯೇ ಎಂಬುದೇ ಪ್ರಶ್ನೆ.

ನ್ಯಾಯಾಲಯದಲ್ಲಿ ಸೋತ ವಾದ ಕೆಲವೊಮ್ಮೆ ಶಾಸನಸಭೆಯಲ್ಲಿ ಗೆಲ್ಲುತ್ತದೆ. ಕ್ಯಾಲಿಫೋರ್ನಿಯದ ಶಾಸಕರು ೨೦೦೦ದಲ್ಲಿ ಒಂದು ಕಾಯಿದೆ ಮಾಡಿ, ೨೦೦೧ರ ಜನವರಿ ೧ರಿಂದ ಈಚೆಗೆ ರಚಿತವಾದ ಅಥವಾ ತಿದ್ದುಪಡಿಯಾದ ಘೋಷಣಾಪತ್ರಗಳು, ಕನಿಷ್ಠ ಒಂದು ಸಾಕುಪ್ರಾಣಿಯನ್ನು ಇಟ್ಟುಕೊಳ್ಳಲು ಮಾಲಿಕನಿಗೆ ಅಡ್ಡಿಮಾಡಕೂಡದೆಂದು ವಿಧಿಸಿದರು. ಮೂರು ಬೆಕ್ಕುಗಳಿಗೆ ಸಿಗದ ನ್ಯಾಯ ಹೀಗೆ ಒಂದಕ್ಕೆ ಸಿಕ್ಕಿತು.

ರಾಜ್ಯಗಳು ಎಳೆದ ಗೆರೆಗಳು

ಅಮೆರಿಕದ ಒಕ್ಕೂಟ ಪದ್ಧತಿಯಲ್ಲಿ ಆಸ್ತಿಯ ಕಾನೂನು ಮುಖ್ಯವಾಗಿ ರಾಜ್ಯಗಳ ಕೈಯಲ್ಲಿದೆ. ಆದುದರಿಂದ ಒಂದು ರಾಜ್ಯದಲ್ಲಿ ಸಿಂಧುವಾದ ನಿಯಮ ನೆರೆರಾಜ್ಯದಲ್ಲಿ ಅಸಿಂಧುವಾಗಬಹುದು. ಕೇಂದ್ರವು ಕೈಹಾಕಿರುವುದು ಕೆಲವೇ ವಿಷಯಗಳಲ್ಲಿ: ಒಂದು ಮೀಟರಿಗೆ ಮೀರದ ಡಿಷ್ ಆಂಟೆನಾಗಳನ್ನು ಮಾಲಿಕನು ತನ್ನ ಸ್ವಂತ ಜಾಗದಲ್ಲಿ ನಿಲ್ಲಿಸಲು ೧೯೯೬ರಿಂದ ರಕ್ಷಣೆಯಿದೆ, ರಾಷ್ಟ್ರಧ್ವಜವನ್ನು ಹಾರಿಸಲು ೨೦೦೫ರ ಕಾಯಿದೆಯಿದೆ. ಉಳಿದುದೆಲ್ಲ ರಾಜ್ಯಗಳ ಕೆಲಸ.

ಕ್ಯಾಲಿಫೋರ್ನಿಯವು ೧೯೮೫ರಲ್ಲಿ ಡೇವಿಸ್–ಸ್ಟರ್ಲಿಂಗ್ ಕಾಯಿದೆ ಎಂಬ ಸಮಗ್ರ ಶಾಸನವನ್ನು ಮಾಡಿತು. ಅದಕ್ಕೂ ಮೊದಲೇ, ೧೯೭೮ರಲ್ಲಿ, ಸೂರ್ಯಶಕ್ತಿಯ ಫಲಕಗಳನ್ನು ಅಡ್ಡಿಪಡಿಸುವ ಕರಾರುಗಳನ್ನು ಆ ರಾಜ್ಯ ಅಸಿಂಧುವೆಂದು ಸಾರಿದ್ದಿತು. ಸಂಘವು ಸಮಂಜಸವಾದ ಷರತ್ತನ್ನು ಹಾಕಬಹುದು. ಆದರೆ ವಿದ್ಯುತ್ ಫಲಕಗಳ ವಿಷಯದಲ್ಲಿ ಆ ಷರತ್ತಿನಿಂದ ವೆಚ್ಚವು ಸಾವಿರ ಡಾಲರಿಗಿಂತ ಹೆಚ್ಚು ಏರಕೂಡದು, ಅಥವಾ ಫಲಕದ ಶಕ್ತಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಕುಗ್ಗಕೂಡದು. “ಸಮಂಜಸ” ಎಂಬ ಜಾರುವ ಪದಕ್ಕೆ ಶಾಸಕರು ಅಂಕಿಗಳ ಮೊಳೆ ಹೊಡೆದು ನಿಲ್ಲಿಸಿರುವುದನ್ನು ಇಲ್ಲಿ ಕಾಣಬಹುದು.

ನೀರಿನ ಅಭಾವವೂ ಕಾನೂನಿಗೆ ಕಾರಣವಾಗಿದೆ. ಅಂಗಳದ ಹುಲ್ಲು ಹಸುರಾಗಿಯೇ ಇರಬೇಕೆಂಬುದು ಅನೇಕ ಸಂಘಗಳ ಹಟ. ಒಂದು ಕಡೆ ಬರಗಾಲದ ನಿಮಿತ್ತ ನೀರನ್ನು ಮಿತವಾಗಿ ಬಳಸಿರೆಂದು ಸರಕಾರದ ಅಪ್ಪಣೆ, ಇನ್ನೊಂದು ಕಡೆ ಹುಲ್ಲು ಒಣಗಿದರೆ ಸಂಘದ ದಂಡ! ಈ ಇಕ್ಕಟ್ಟನ್ನು ಬಿಡಿಸಲು, ಬರ ಘೋಷಿತವಾಗಿರುವಾಗ ಹುಲ್ಲಿಗೆ ನೀರು ಹಾಕುವುದನ್ನು ಕಡಮೆಮಾಡಿದ ಅಥವಾ ನಿಲ್ಲಿಸಿದ ಮಾಲಿಕನಿಗೆ ದಂಡ ಹಾಕಕೂಡದೆಂದು ಕ್ಯಾಲಿಫೋರ್ನಿಯ ೨೦೧೪ರಲ್ಲಿ ವಿಧಿಸಿತು. ಮೇರಿಲ್ಯಾಂಡ್ ರಾಜ್ಯದಲ್ಲಿ ದಂಪತಿಗಳಿಬ್ಬರು ಹುಲ್ಲಿನ ಬದಲು ಜೇನು ಚಿಟ್ಟೆಗಳಿಗೆ ಆಸರೆಯಾಗುವ ನಾಡಗಿಡಗಳನ್ನು ಬೆಳೆಸಿ ಸಂಘದೊಡನೆ ವ್ಯಾಜ್ಯಕ್ಕೆ ಸಿಕ್ಕಿದರು; ಅವರ ಹೋರಾಟದ ಫಲವಾಗಿ ೨೦೨೧ರಲ್ಲಿ ಅಂತಹ ತೋಟಗಳಿಗೆ ರಕ್ಷಣೆ ಕೊಡುವ ಕಾಯಿದೆಯೇ ಬಂದಿತು.

ಮನೆಯ ಬಾಗಿಲಿನ ವಿಷಯ ನಮ್ಮವರಿಗೆ ಹೆಚ್ಚು ಹತ್ತಿರವಾದುದು. ಯೆಹೂದ್ಯರು ಬಾಗಿಲಿನ ಚೌಕಟ್ಟಿಗೆ ಮೆಜೂಜಾ ಎಂಬ ಪವಿತ್ರ ವಸ್ತುವನ್ನು ಜೋಡಿಸುತ್ತಾರೆ. ಇದನ್ನು ಕೆಲವು ಸಂಘಗಳು ತೆಗೆಸಿದಾಗ ವ್ಯಾಜ್ಯಗಳು ಹುಟ್ಟಿದವು. ಟೆಕ್ಸಾಸ್ ರಾಜ್ಯವು ೨೦೧೧ರಲ್ಲಿ ಬಾಗಿಲಿನ ಧಾರ್ಮಿಕ ಚಿಹ್ನೆಗಳಿಗೆ ರಕ್ಷಣೆ ಕೊಟ್ಟಿತು. ಕ್ಯಾಲಿಫೋರ್ನಿಯದಲ್ಲಿ ೨೦೨೦ರಿಂದ, ಮೂವತ್ತಾರು ಇಂಚು ಹನ್ನೆರಡು ಇಂಚಿನ ಅಳತೆಯನ್ನು ಮೀರದ ಧಾರ್ಮಿಕ ವಸ್ತುಗಳನ್ನು ಮುಂಬಾಗಿಲಿಗೋ ಅದರ ಚೌಕಟ್ಟಿಗೋ ಹಾಕಲು ಸಂಘವು ಅಡ್ಡಿಮಾಡುವಂತಿಲ್ಲ. ಯೆಹೂದ್ಯರ ವ್ಯಾಜ್ಯಗಳಿಂದ ಮೊದಲಾದ ಮಾತು ಹೀಗೆ ನಮ್ಮ ಕನ್ನಡಿಗರ ಬಾಗಿಲಿನ ತೋರಣಕ್ಕೂ ನೆರಳಾಯಿತು. ಮಗುವಿನ ನಾಮಕರಣಕ್ಕೆ ತೋರಣ ಕಟ್ಟಲು ಅಂಜುತ್ತಿದ್ದ ತಂಗಿಗೆ ಈ ಸುದ್ದಿಯನ್ನು ನಾನೇ ತಿಳಿಸಿದೆ. ಅಳತೆಪಟ್ಟಿ ಹಿಡಿದು ತೋರಣ ಕಟ್ಟಿದ್ದು ನಮ್ಮ ವಂಶದಲ್ಲಿ ಅದೇ ಮೊದಲು.

ಇನ್ನು ದಂಡದ ವಿಷಯ. ತಂಗಿಯ ನಿಜವಾದ ಭಯವೆಂದರೆ ದಂಡ ಬೆಳೆದು ಬೆಳೆದು ಮನೆಯೇ ಹರಾಜಾದರೆ ಎಂಬುದು. ಸಂಘದ ಬಾಕಿಗೆ ಮನೆ ಹರಾಜಾಗುವುದು ಆ ದೇಶದಲ್ಲಿ ಸುಳ್ಳಲ್ಲ. ಆದರೆ ಕ್ಯಾಲಿಫೋರ್ನಿಯದಲ್ಲಿ ವಂತಿಗೆಯ ಬಾಕಿಗೂ ನಿಯಮಭಂಗದ ದಂಡಕ್ಕೂ ಭೇದವಿದೆ. ವಂತಿಗೆಯ ಬಾಕಿ ೧೮೦೦ ಡಾಲರು ಮುಟ್ಟುವವರೆಗೆ ಅಥವಾ ಹನ್ನೆರಡು ತಿಂಗಳು ಮೀರುವವರೆಗೆ ಮನೆಯನ್ನು ಹರಾಜಿಗೆ ಎಳೆಯುವಂತಿಲ್ಲ. ನಿಯಮಭಂಗದ ದಂಡಕ್ಕಾಗಿ, ನ್ಯಾಯಾಲಯಕ್ಕೆ ಹೋಗದೆ ನಡೆಸುವ ಹರಾಜಂತೂ ಸಲ್ಲದು. ದಂಡ ಹಾಕುವ ಮುನ್ನ ಹತ್ತು ದಿನ ಮೊದಲೇ ಲಿಖಿತ ತಿಳಿವಳಿಕೆ ಕೊಟ್ಟು ಮಾಲಿಕನ ಮಾತನ್ನು ಕೇಳಬೇಕು. ೨೦೨೫ರ ತಿದ್ದುಪಡಿಯ ಪ್ರಕಾರ, ಆರೋಗ್ಯಕ್ಕೂ ಸುರಕ್ಷತೆಗೂ ಅಪಾಯವಿಲ್ಲದ ತಪ್ಪಿಗೆ ನೂರು ಡಾಲರಿಗೆ ಮೀರಿದ ದಂಡವನ್ನು ಹಾಕುವಂತಿಲ್ಲ. ಕೊಲರಾಡೊ ರಾಜ್ಯವೂ ೨೦೨೨ರಲ್ಲಿ ದಂಡಕ್ಕೆ ಮಿತಿ ಹಾಕಿ, ದಂಡದ ಬಾಕಿಯೊಂದರಿಂದಲೇ ಮನೆ ಕಳೆಯುವುದನ್ನು ನಿಷೇಧಿಸಿತು.

ಅಮ್ಮನ ಹಗ್ಗ

ಕೊನೆಗೆ ಬಟ್ಟೆಯ ವಿಷಯಕ್ಕೆ ಬರೋಣ. ಬಿಸಿಲಿನಲ್ಲಿ ಬಟ್ಟೆ ಒಣಗಿಸುವುದೂ ಸೂರ್ಯಶಕ್ತಿಯ ಬಳಕೆಯೇ ತಾನೆ! ಫ್ಲಾರಿಡಾದ ಕಾನೂನು ಸೂರ್ಯಫಲಕದ ಜೊತೆಯಲ್ಲಿಯೇ ಬಟ್ಟೆ ಒಣಗಿಸುವ ಹಗ್ಗವನ್ನೂ ಹೆಸರಿಸಿ ರಕ್ಷಿಸಿದೆ. ಕ್ಯಾಲಿಫೋರ್ನಿಯ ೨೦೧೫ರಲ್ಲಿ ಒಂದು ಕಾಯಿದೆ ಮಾಡಿತು. ಮಾಲಿಕನು ತನ್ನ ಸ್ವಂತ ಉಪಯೋಗಕ್ಕೆ ಮೀಸಲಾದ ಹಿತ್ತಿಲಿನಲ್ಲಿ ಹಗ್ಗವನ್ನಾಗಲಿ ಬಟ್ಟೆ ಒಣಗಿಸುವ ಸ್ಟ್ಯಾಂಡನ್ನಾಗಲಿ ಬಳಸುವುದನ್ನು ಸಂಘವು ನಿಷೇಧಿಸುವಂತಿಲ್ಲ. ಸಮಂಜಸವಾದ ಷರತ್ತುಗಳನ್ನು ಮಾತ್ರ ಹಾಕಬಹುದು.

ಇದನ್ನು ಓದಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಆ ರಾತ್ರಿಯೇ ತಂಗಿಗೆ, “ಸಂಘಕ್ಕೆ ಗಟ್ಟಿಯಾಗಿ ಒಂದು ಕಾಗದ ಬರೆ, ಕಾನೂನು ನಮ್ಮ ಕಡೆ ಇದೆ” ಎಂದು ತಿಳಿಸಿದೆ. ಮರುದಿನ ಬೆಳಿಗ್ಗೆ ಅದೇ ಪ್ರಕರಣವನ್ನು ಕೊನೆಯವರೆಗೆ ಓದಿದೆ. ಬಾಲ್ಕನಿ, ಕಂಬಿ, ಮೇಲ್ಚಾವಣಿ ಮುಂತಾದ ಕಟ್ಟಡದ ಭಾಗಗಳು ಹಗ್ಗವೆಂದಾಗಲಿ ಸ್ಟ್ಯಾಂಡೆಂದಾಗಲಿ ಎಣಿಕೆಗೆ ಬರುವುದಿಲ್ಲವೆಂದು ಅಲ್ಲಿ ಸ್ಪಷ್ಟವಾಗಿ ಬರೆದಿದ್ದಿತು! ಅಮ್ಮ ಬಟ್ಟೆ ಹರವಿದ್ದು ಬಾಲ್ಕನಿಯ ಕಂಬಿಯ ಮೇಲೆ. ಅಂದರೆ ಸಂಘದ ಕಾಗದದಲ್ಲಿ ಅರ್ಧ ಸರಿ, ಅರ್ಧ ತಪ್ಪು. ಕಂಬಿಯ ಮೇಲೆ ಕೂಡದೆಂದದ್ದು ಸರಿ. ಹೊರಗೆ ಎಲ್ಲಿಯೂ ಕೂಡದೆಂದದ್ದು ತಪ್ಪು. ನಾನು ನಾಚಿಕೊಂಡು ತಂಗಿಗೆ ಮತ್ತೆ ಮಾತನಾಡಿದೆ. ಪುಣ್ಯಕ್ಕೆ ಅವಳು ಕಾಗದವನ್ನು ಇನ್ನೂ ಕಳುಹಿಸಿರಲಿಲ್ಲ.

ಇಬ್ಬರೂ ಕುಳಿತು ಬೇರೊಂದು ಕಾಗದ ಬರೆದೆವು. ಬಾಲ್ಕನಿಯ ತಪ್ಪನ್ನು ಒಪ್ಪಿಕೊಂಡು, ಹಿತ್ತಿಲಿನ ಹಕ್ಕನ್ನು ಪ್ರಕರಣದ ಸಂಖ್ಯೆಯೊಡನೆ ವಿನಯವಾಗಿ ತಿಳಿಸಿದೆವು. ವಿಚಾರಣೆಯ ದಿನ ಮಂಡಲಿಯವರು ದಂಡ ಹಾಕಲಿಲ್ಲ. ಹಿತ್ತಿಲಿನಲ್ಲಿ ಸ್ಟ್ಯಾಂಡ್ ಇಡಲು ಅಡ್ಡಿಯಿಲ್ಲವೆಂದು ಬರೆದುಕೊಟ್ಟರು. ಅಮ್ಮ ಬೇಗ ಹೊರಡುವ ಮಾತನ್ನು ಬಿಟ್ಟರು. “ನಿನ್ನ ಕಾನೂನು ಹಿತ್ತಿಲಿಗೆ ಬಂದ ಮೇಲೆ ನಮ್ಮ ಕಡೆ ಆಯಿತು, ಅಲ್ಲವೇನಪ್ಪ?” ಎಂದು ನಕ್ಕರು. ಇದಕ್ಕಿಂತ ಚೆನ್ನಾಗಿ ಆ ಪ್ರಕರಣವನ್ನು ನಾನು ವ್ಯಾಖ್ಯಾನಿಸಲಾರೆ.

ಎರಡು ಮಾತು

ಇದನ್ನೆಲ್ಲ ಓದಿ, ಸಂಘಗಳೇ ಕೆಟ್ಟವೆಂದು ಯಾರೂ ತಿಳಿಯಬಾರದು. ೨೦೨೧ರ ಜೂನ್ ೨೪ರಂದು ಫ್ಲಾರಿಡಾದ ಸರ್ಫ್‌ಸೈಡ್ ಪಟ್ಟಣದಲ್ಲಿ ಹನ್ನೆರಡು ಅಂತಸ್ತಿನ ವಸತಿ ಕಟ್ಟಡವೊಂದು ನಡುರಾತ್ರಿಯ ಬಳಿಕ ಕುಸಿದು ೯೮ ಮಂದಿ ಮಡಿದರು. ಆ ಕಟ್ಟಡಕ್ಕೆ ದೊಡ್ಡ ದುರಸ್ತಿ ಬೇಕೆಂದು ಮೊದಲೇ ತಿಳಿದಿದ್ದಿತು; ಅದರ ಖರ್ಚಿನ ಚರ್ಚೆ ವರ್ಷಗಟ್ಟಲೆ ಬೆಳೆದಿದ್ದಿತು. ೨೦೨೨ರಲ್ಲಿ ಆ ರಾಜ್ಯವು ಹಳೆಯ ಕಟ್ಟಡಗಳ ತಪಾಸಣೆಯನ್ನೂ ದುರಸ್ತಿಗೆ ಹಣ ಕೂಡಿಡುವುದನ್ನೂ ಕಡ್ಡಾಯಮಾಡಿತು. ಸಂಘದ ಕೈ ಎಲ್ಲಿ ಉದ್ದವಾಯಿತೋ ಅಲ್ಲಿ ಕಾನೂನು ಅದನ್ನು ಹಿಡಿಯಬೇಕು. ಎಲ್ಲಿ ಅದು ತನ್ನ ಕೆಲಸವನ್ನು ಬಿಟ್ಟಿತೋ ಅಲ್ಲಿ ಮಾಡಿಸಬೇಕು.

ನಮ್ಮ ನಾಡಿನಲ್ಲಿಯೂ ಈ ಪ್ರಶ್ನೆಗಳು ಬೆಳೆಯುತ್ತಿವೆ. ೧೯೭೨ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲಿಕತ್ವ ಕಾಯಿದೆಯ ಕೆಳಗೆ ಬರುವ ಕಟ್ಟಡಗಳಲ್ಲಿ ಮಾಲಿಕರು ಘೋಷಣಾಪತ್ರಕ್ಕೂ ಉಪನಿಯಮಗಳಿಗೂ ಬದ್ಧರು. ಪಾರ್ಸಿಗಳಿಗೆ ಮಾತ್ರ ಸದಸ್ಯತ್ವವೆಂಬ ಗುಜರಾತಿನ ಒಂದು ಗೃಹ ಸಹಕಾರ ಸಂಘದ ಉಪನಿಯಮವನ್ನು ನಮ್ಮ ಸುಪ್ರೀಂ ಕೋರ್ಟು ೨೦೦೫ರಲ್ಲಿ ಎತ್ತಿಹಿಡಿಯಿತು. ಸೇಂಟ್ ಲೂಯಿಸ್ ನಗರದ ತೀರ್ಪಿನ ಪಕ್ಕದಲ್ಲಿಟ್ಟು ಇದನ್ನು ಓದಿದರೆ, ಸಂಘ ಕಟ್ಟುವ ಸ್ವಾತಂತ್ರ್ಯ ಮತ್ತು ಸಮಾನತೆ ಇವೆರಡನ್ನು ಎರಡು ದೇಶಗಳ ನ್ಯಾಯಾಲಯಗಳು ಎಷ್ಟು ಬೇರೆಯಾಗಿ ತೂಗಿವೆಯೆಂಬುದು ತಿಳಿದೀತು. ನಮ್ಮ ಚರ್ಚಾಕೂಟಕ್ಕೆ ಇದು ತಕ್ಕ ವಿಷಯ.

ವಿದ್ಯಾರ್ಥಿ ಮಿತ್ರರೇ, ನೀವು ನಾಳೆ ಬೆಂಗಳೂರಿನಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಕಡಲಾಚೆಯಲ್ಲಿಯೋ ಮನೆ ಮಾಡುವವರು. ಸಹಿ ಹಾಕುವ ಮುನ್ನ ಪತ್ರವನ್ನು ಪೂರ್ತಿ ಓದಿರಿ. ಅನ್ಯಾಯವೆನಿಸಿದರೆ ಕಾನೂನನ್ನು ಹುಡುಕಿರಿ. ಸಿಕ್ಕಿದ ಕಾನೂನನ್ನು ಕೊನೆಯ ಸಾಲಿನವರೆಗೆ ಓದಿರಿ. ಈ ಮೂರನೆಯ ಮಾತನ್ನು ಇಪ್ಪತ್ತು ವರ್ಷ ಪಾಠ ಹೇಳಿದ ಮೇಲೆ ನಾನು ಕಲಿತದ್ದು ನನ್ನ ತಾಯಿಯ ಒದ್ದೆ ಸೀರೆಯಿಂದ.